ಕೊಡೆಯ ಮಹತ್ವ

೧೯೭೯ರ ಫೆಬ್ರವರಿಯಲ್ಲಿ ನಾನು ಓದು ಬಿಟ್ಟೆ. 'ಬಿಟ್ಟೆ' ಎಂದು ಬರೆಯುವಾಗ ಇಂದಿಗೂ ಹಲ್ಲು ಕಚ್ಚಿಕೊಳ್ಳುತ್ತೇನೆ. ನೆಂಟರ ಮದುವೆಗಳಲ್ಲಿ ನನ್ನ ಪರಿಚಯ ಮಾಡಿಕೊಡುವುದು ಹಾಗೆಯೇ: "ಇಂವಾ ಹತ್ತನೇತ್ತಾಗ ಸಾಲಿ ಬಿಟ್ಟಾಂವ, ಆದ್ರೂ ಚಲೋ ಮುಂದ ಬಂದಾನ." ಕೇಳಿದವರು ಕಾರಣವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ದಡ್ಡನಿದ್ದಿರಬೇಕು, ಇಲ್ಲವೇ ಮನೆಯಲ್ಲಿ ತಾಪತ್ರಯವಿದ್ದಿರಬೇಕು, ಇಲ್ಲವೇ ಪರೀಕ್ಷೆಗೆ ಹೆದರಿ ಓಡಿರಬೇಕು. ಯಾವುದೂ ನಿಜವಲ್ಲ. ನನ್ನನ್ನು ಶಾಲೆಯಿಂದ ಹೊರಗೆ ತಳ್ಳಿದ್ದು ಇಂಗ್ಲಿಷ್ ಪರೀಕ್ಷೆಯ ಒಂದೇ ಒಂದು ಪ್ರಶ್ನೆ. ಒಂದು ಗದ್ಯಭಾಗ ಕೊಟ್ಟು, ಇದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ನಿಮ್ಮ ಮಾತಿನಲ್ಲಿ ಬರೆಯಿರಿ, ತಕ್ಕ ಶೀರ್ಷಿಕೆ ಕೊಡಿ ಎನ್ನುತ್ತಾರಲ್ಲ, ಅದು. ನಾವು ಅದನ್ನು ಸಮರಿ ಎನ್ನುತ್ತಿದ್ದೆವು. 'ನಿಮ್ಮ ಮಾತಿನಲ್ಲಿ' ಎಂದು ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿರುತ್ತಿತ್ತು. ಆ ಎರಡು ಪದಗಳನ್ನು ನಮ್ಮ ಶಾಲೆಯಲ್ಲಿ ಯಾರೂ ಓದಲಿಲ್ಲ.

ಶಾಲೆ ಯಾವ ಊರಿನದೆಂದು ಹೇಳುವುದಿಲ್ಲ. ಮುಂಬಯಿ ಲೋಕಲ್ ಗಾಡಿ ಠಾಣೆ ದಾಟಿದ ಮೇಲೆ, ಕಲ್ಯಾಣ ಬರುವ ಮುಂಚೆ ಎಂದರೆ ಸಾಕು. ಕನ್ನಡ ಮಾಧ್ಯಮದ ಶಾಲೆ. ಕೆಳಗಿನ ಮಹಡಿಯಲ್ಲಿ ಅದೇ ಸಂಸ್ಥೆಯ ಇಂಗ್ಲಿಷ್ ಮಾಧ್ಯಮದ ತರಗತಿಗಳು ಹೊಸದಾಗಿ ಶುರುವಾಗಿದ್ದವು. ಅಲ್ಲಿ ಹೊಸ ಬೆಂಚು, ಹೊಸ ಫ್ಯಾನು. ನಾವು ಮೇಲಿನ ಮಹಡಿಯಲ್ಲಿ, ಸಿಮೆಂಟ್ ಶೀಟಿನ ಕೆಳಗೆ. ನಮ್ಮ ತರಗತಿಯಲ್ಲಿ ಅರ್ಧ ಜನ ಕರಾವಳಿಯ ಹೊಟೇಲಿನವರ ಮಕ್ಕಳು, ಮನೆಯಲ್ಲಿ ತುಳು ಆಡುವವರು. ಇನ್ನರ್ಧ ನಮ್ಮಂಥವರು, ಬಿಜಾಪುರ, ಬಾಗಲಕೋಟೆ ಕಡೆಯಿಂದ ಬಂದ ಕಾರ್ಖಾನೆ ನೌಕರರ, ಅರಿವೆ ಅಂಗಡಿಯವರ ಮಕ್ಕಳು. ನಾನು ಕಲ್ಯಾಣದಿಂದ ಲೋಕಲ್ ಹಿಡಿದು ಬರುತ್ತಿದ್ದೆ. ಅಪ್ಪ ನನ್ನ ಎದುರು ದಿಕ್ಕಿಗೆ, ಅಂಬರನಾಥಕ್ಕೆ ಹೋಗುತ್ತಿದ್ದ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡುವ ಕೆಲಸ.

ನನಗೆ ಇಂಗ್ಲಿಷ್ ಬರುತ್ತಿತ್ತು. ಜಂಬಕ್ಕೆ ಹೇಳುತ್ತಿಲ್ಲ, ಜಂಬವಿದ್ದರೂ ಇರಲಿ. ನಾವಿದ್ದ ಚಾಳಿನ ಕೆಳಗೆ ಒಂದು ರದ್ದಿ ಅಂಗಡಿಯಿತ್ತು. ಗುಜರಾತಿ ಮಾಲೀಕ. ಹಳೆಯ ಇಂಗ್ಲಿಷ್ ವಾರಪತ್ರಿಕೆಗಳನ್ನು ಅಳತೆಗೆ ತಕ್ಕಂತೆ ಬೇರ್ಪಡಿಸಿ ಕಟ್ಟಿಕೊಟ್ಟರೆ ಅಲ್ಲಿಯೇ ಕೂತು ಓದಲು ಬಿಡುತ್ತಿದ್ದ. ಎಂಟನೇ ಇಯತ್ತೆಯಿಂದ ಓದಿದೆ. ಮೊದಲು ಚಿತ್ರದ ಕೆಳಗಿನ ಸಾಲು, ಆಮೇಲೆ ನಗೆಹನಿ, ಆಮೇಲೆ ಪೂರ್ತಿ ಪುಟ. ಹತ್ತನೇ ಇಯತ್ತೆಗೆ ಬರುವ ಹೊತ್ತಿಗೆ ಒಂದು ಇಂಗ್ಲಿಷ್ ಪುಟ ಓದಿ, ಬರೆದವನು ಸಿಟ್ಟಿನಲ್ಲಿದ್ದಾನೆಯೇ, ತಮಾಷೆ ಮಾಡುತ್ತಿದ್ದಾನೆಯೇ ಎಂದು ಹೇಳಬಲ್ಲವನಾಗಿದ್ದೆ. ನಮ್ಮ ತರಗತಿಯಲ್ಲಿ ಇದು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಮಾಸ್ತರರಿಗೆ ಆಗುತ್ತಿತ್ತೋ ಇಲ್ಲವೋ, ನನಗೆ ಅನುಮಾನವಿದೆ.

ಇಂಗ್ಲಿಷ್ ಸರ್ ಕರಾವಳಿಯವರು. ಠಾಣೆಯಿಂದ ಬರುತ್ತಿದ್ದರು. ಬಿಳಿ ಬುಶ್‌ಶರ್ಟು, ಕಿಸೆಯಲ್ಲಿ ಕೆಂಪು ಪೆನ್ನು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಕೆಟ್ಟ ಮನುಷ್ಯರಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಸ್ವಂತವಾಗಿ ಬರೆಯಲು ಬಾರದೆಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಸಮರಿಗೆ ಒಂದು ಪದ್ಧತಿ ಕಟ್ಟಿದ್ದರು. ಅದನ್ನು ಜೂನ್ ತಿಂಗಳಿಂದ ನಮ್ಮ ತಲೆಗೆ ಮೊಳೆಯಂತೆ ಹೊಡೆದರು.

ಪದ್ಧತಿ ಹೀಗೆ. ಪ್ರತಿ ಪ್ಯಾರಾದ ಮೊದಲ ವಾಕ್ಯಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕು. ಉಳಿದದ್ದನ್ನು ನೋಡಬೇಡ. ಗೆರೆ ಹಾಕಿದ ವಾಕ್ಯದಲ್ಲಿ ಎರಡು ಅಲ್ಪವಿರಾಮಗಳ ನಡುವೆ ಏನಿದ್ದರೂ ಕಿತ್ತು ಹಾಕು. ಉದಾಹರಣೆ ಬಿಡು, ಹೆಸರು ಬಿಡು. 'ನಾನು' ಎಂದಿದ್ದಲ್ಲಿ 'ಲೇಖಕರು' ಎಂದು ಬರೆ. ಶುರುವಿಗೆ 'ಈ ಭಾಗದಲ್ಲಿ ಲೇಖಕರು ಹೇಳುವುದೇನೆಂದರೆ' ಎಂಬ ಇಂಗ್ಲಿಷ್ ಸಾಲು, ಕೊನೆಗೆ 'ಹೀಗೆ ಲೇಖಕರು ತಮ್ಮ ಅಭಿಪ್ರಾಯವನ್ನು ಸ್ಪಷ್ಟಪಡಿಸಿದ್ದಾರೆ' ಎಂಬ ಸಾಲು. ಇವೆರಡನ್ನೂ ಬಾಯಿಪಾಠ ಮಾಡಿಸಿದ್ದರು. ಶೀರ್ಷಿಕೆಗೂ ಉಪಾಯವಿತ್ತು. ಯಾವ ಪದ ಹೆಚ್ಚು ಸಲ ಬಂದಿದೆಯೋ ಅದನ್ನು ಹಿಡಿ, ಅದರ ಮುಂದೆ 'ದಿ ಇಂಪಾರ್ಟೆನ್ಸ್ ಆಫ್' ಸೇರಿಸು. ನೀರಿನ ಮಹತ್ವ, ಗಾಳಿಯ ಮಹತ್ವ, ವ್ಯಾಯಾಮದ ಮಹತ್ವ. ವರ್ಷವಿಡೀ ಮಹತ್ವವಿಲ್ಲದ ವಸ್ತು ಒಂದೂ ನಮ್ಮ ಕೈಗೆ ಸಿಗಲಿಲ್ಲ.

ಸಹಾಮಾಹಿ, ಎಂದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಈ ಪದ್ಧತಿ ಬಿಟ್ಟು ನನ್ನ ಮಾತಿನಲ್ಲಿ ಬರೆದೆ. ಹಳ್ಳಿಯ ಟಪಾಲಿನವನೊಬ್ಬನ ಮೇಲಿನ ಗದ್ಯ. ಓದಿದೆ, ಮುಚ್ಚಿಟ್ಟೆ, ನೆನಪಿನಲ್ಲಿ ಉಳಿದದ್ದನ್ನು ಬರೆದೆ. ಸರ್ ಪೇಪರ್ ಹಂಚುವಾಗ ನನ್ನದನ್ನು ಎತ್ತಿಕೊಂಡು ಇಡೀ ತರಗತಿಗೆ ಓದಿದರು.

"ಇದೆಂತದು? ಸಮರಿಯಾ, ಇವನ ಅಜ್ಜಿ ಹೇಳಿದ ಕಥೆಯಾ?"

ಎಲ್ಲರೂ ನಕ್ಕರು. ಹತ್ತಕ್ಕೆ ಸೊನ್ನೆ.

"ಸರ್, ತಪ್ಪೇನೈತ್ರಿ ಅದರಾಗ?" ಎಂದು ಕೇಳಿದೆ.

"ತಪ್ಪು ಉಂಟೋ ಇಲ್ವೋ ಅದಲ್ಲ ಮಾರಾಯ. ಬೋರ್ಡಿನಲ್ಲಿ ನಿನ್ನ ಬುದ್ಧಿವಂತಿಕೆ ನೋಡ್ಲಿಕ್ಕೆ ಯಾರೂ ಕೂತಿಲ್ಲ. ಅವರಿಗೆ ಒಂದು ಪೇಪರಿಗೆ ಎರಡು ನಿಮಿಷ. ನಾನು ಹೇಳಿದ ಹಾಗೆ ಬರೆದ್ರೆ ಕಣ್ಣು ಮುಚ್ಚಿ ಐದು ಕೊಡ್ತಾರೆ. ಇನ್ನು ಮುಂದೆ ಹೀಗೆ ಬರೆದ್ರೆ ನಿನ್ನ ಪೇಪರ್ ನಾನು ನೋಡುವುದೇ ಇಲ್ಲ."

ಅವರ ಮಾತಿನಲ್ಲಿ ಲೆಕ್ಕ ಸರಿಯಿತ್ತು. ಸಿಟ್ಟು ಬರುವುದು ಅದಕ್ಕೇ. ಐದು ಅಂಕಕ್ಕಾಗಿ ಒಂದು ವರ್ಷ ಪೂರ್ತಿ ನಮಗೆ ಓದದೇ ಬರೆಯುವುದನ್ನು ಕಲಿಸಿದರು. ನಾನೂ ಕಲಿತೆ. ಹಟಕ್ಕೆ ಬಿದ್ದು, ಎಲ್ಲರಿಗಿಂತ ಚೆನ್ನಾಗಿ ಕಲಿತೆ.

ಜನವರಿಯಲ್ಲಿ ಪ್ರಿಲಿಮ್ ಬಂತು. ಬೋರ್ಡ್ ಪರೀಕ್ಷೆಗೆ ಮುಂಚಿನ ತಾಲೀಮು ಅದು. ಆ ವರ್ಷ ಸುತ್ತಲಿನ ಕೆಲವು ಶಾಲೆಗಳು ಸೇರಿ ಒಂದೇ ಪ್ರಶ್ನೆಪತ್ರಿಕೆ ಮಾಡಿ, ಒಬ್ಬರ ಉತ್ತರಪತ್ರಿಕೆ ಇನ್ನೊಬ್ಬರು ತಿದ್ದುವುದೆಂದು ಠರಾಯಿಸಿದ್ದವು. ನಮ್ಮ ಇಂಗ್ಲಿಷ್ ಪೇಪರುಗಳು ಬೇರೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಒಬ್ಬ ಮರಾಠಿ ಮಾಸ್ತರರ ಕೈಗೆ ಹೋದವು.

ಸಮರಿಗೆ ಬಂದದ್ದು ಕೊಡೆಯ ಮೇಲಿನ ಹರಟೆ. ನಾಲ್ಕು ಪ್ಯಾರಾ. ಬರೆದವನು ಕಿಲಾಡಿ. ಪ್ರತಿ ಪ್ಯಾರಾದ ಮೊದಲಿಗೆ ಜನ ಹೇಳುವ ಮಾತನ್ನು ಇಡುತ್ತಾನೆ, ಆಮೇಲೆ ಅದನ್ನು ಹಿಡಿದು ಜಾಡಿಸುತ್ತಾನೆ. 'ಕೊಡೆ ಮನುಷ್ಯನನ್ನು ಮಳೆಯಿಂದ ಕಾಪಾಡುತ್ತದೆ' ಎಂದು ಶುರು. ಹಿಂದೆಯೇ, ತಾನು ಕೊಡೆ ಒಯ್ದ ದಿನ ಮಳೆಯೇ ಬರುವುದಿಲ್ಲ, ಮಳೆ ಬಂದ ದಿನ ಕೊಡೆ ಎಲ್ಲಿಯೋ ಮರೆತಿರುತ್ತದೆ ಎಂಬ ಗೋಳು. 'ಕೊಡೆಯಿಂದ ಗಂಡಸಿಗೆ ಗಾಂಭೀರ್ಯ ಬರುತ್ತದೆ' ಎಂದು ಇನ್ನೊಂದು. ಅದರ ಕೆಳಗೆ, ಗಾಳಿಗೆ ಕೊಡೆ ಉಲ್ಟಾ ಹೊಡೆದು ತಾನು ಸಂತೆಯ ನಡುವೆ ಬೋಗುಣಿ ಹಿಡಿದು ನಿಂತ ಭಿಕಾರಿಯಂತೆ ಕಂಡದ್ದು. ಕೊನೆಗೆ, ಇನ್ನು ಮೇಲೆ ನೆನೆಯುವುದೇ ಸುಖ ಎಂದು ಮುಗಿಸುತ್ತಾನೆ. ಪರೀಕ್ಷೆ ಕೋಣೆಯಲ್ಲಿ ಕೂತು ನಾನು ಫಕ್ಕನೆ ನಕ್ಕುಬಿಟ್ಟೆ. ಮೇಲ್ವಿಚಾರಕರು ಕಣ್ಣು ಬಿಟ್ಟರು.

ನಕ್ಕ ಮೇಲೆ ಪೆನ್ಸಿಲ್ ತೆಗೆದು ನಾಲ್ಕು ಮೊದಲ ವಾಕ್ಯಗಳಿಗೆ ಗೆರೆ ಹಾಕಿದೆ. ಈ ಪದ್ಧತಿಯಿಂದ ಬರೆದರೆ ಲೇಖಕ ಹೇಳಿದ್ದಕ್ಕೆ ತದ್ವಿರುದ್ಧ ಬರುತ್ತದೆಂದು ನನಗೆ ಸ್ಪಷ್ಟ ಗೊತ್ತಿತ್ತು. ಆದರೂ ಬರೆದೆ. ಸೊನ್ನೆಯ ಮೇಲೆ ಇನ್ನೊಂದು ಸೊನ್ನೆ ಯಾರಿಗೆ ಬೇಕು? ಕೊಡೆ ಮಳೆಯಿಂದ ಕಾಪಾಡುತ್ತದೆ. ಕೊಡೆ ಗಾಂಭೀರ್ಯ ಕೊಡುತ್ತದೆ. ಹೀಗೆ ಲೇಖಕರು ತಮ್ಮ ಅಭಿಪ್ರಾಯವನ್ನು ಸ್ಪಷ್ಟಪಡಿಸಿದ್ದಾರೆ. ಶೀರ್ಷಿಕೆ, ದಿ ಇಂಪಾರ್ಟೆನ್ಸ್ ಆಫ್ ಅಂಬ್ರೆಲಾ.

ಇಡೀ ತರಗತಿ ಅದನ್ನೇ ಬರೆಯಿತು. ಅಕ್ಷರಕ್ಕೆ ಅಕ್ಷರ.

ಫೆಬ್ರವರಿ ಶುರುವಿಗೆ ಆ ಮರಾಠಿ ಮಾಸ್ತರರು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಖುದ್ದು ಬಂದರು. ಎಲ್ಲರೂ ಸರಿಯಾದುದನ್ನೇ ಬರೆದಿದ್ದರೆ ಅವರಿಗೆ ಅನುಮಾನ ಬರುತ್ತಿರಲಿಲ್ಲ. ಎಲ್ಲರೂ ಒಂದೇ ತಪ್ಪು ಮಾಡಿದ್ದರು. ಹಾಗಾದರೆ ಒಬ್ಬ ಬರೆದದ್ದನ್ನು ಉಳಿದವರು ನಕಲು ಹೊಡೆದಿದ್ದಾರೆ, ಇಲ್ಲವೇ ಯಾರೋ ಒಳಗೆ ಬಂದು ಹೇಳಿ ಬರೆಸಿದ್ದಾರೆ. ಸಾಮೂಹಿಕ ಕಾಪಿ. ನಮ್ಮನ್ನೆಲ್ಲ ಮೇಲಿನ ವರಾಂಡದಲ್ಲಿ ಬಿಸಿಲಿಗೆ ಸಾಲಾಗಿ ನಿಲ್ಲಿಸಿದರು.

ನಮ್ಮ ಹೆಡ್‌ಮಾಸ್ತರರು ಧಾರವಾಡ ಕಡೆಯವರು. ಧೋತರ, ಕರಿ ಕೋಟು. ಅವರು ಒಂದೊಂದು ಹಾಳೆ ಎಲ್ಲರ ಕೈಗೆ ಕೊಟ್ಟರು. "ಪ್ರಿಲಿಮ್ ಪರೀಕ್ಷೆಯಲ್ಲಿ ಇಂಗ್ಲಿಷ್ ಪತ್ರಿಕೆಯನ್ನು ನಕಲು ಮಾಡಿರುತ್ತೇನೆ, ಕ್ಷಮಿಸಬೇಕು" ಎಂದು ಬರೆದು ಸಹಿ ಮಾಡಬೇಕು. ಮಾಡಿದವರಿಗೆ ಬೋರ್ಡಿನ ಹಾಲ್ ಟಿಕೆಟ್. ಮಾಡದವರಿಗೆ ಇಲ್ಲ.

ಸಾಲಿನಿಂದ ನಾನು ಹೊರಗೆ ಬಂದೆ.

"ಸರ್, ನಾ ನಕಲು ಮಾಡಿಲ್ರಿ. ಪರೀಕ್ಷಾದಾಗ ನನ್ನ ಬೆಂಚು ಬಾಗಿಲ ಪಕ್ಕ ಇತ್ತು, ಮುಂದ ಗ್ವಾಡಿ. ನಾ ಯಾರದು ನೋಡ್ಲಿ?"

"ನೀ ನೋಡಿಲ್ಲಂದ್ರ ಅವರು ನಿಂದು ನೋಡ್ಯಾರ. ಎರಡೂ ಒಂದ."

"ಇಲ್ರಿ ಸರ್. ನಮಗ ಕಲಿಸಿದ್ದs ಹಂಗ. ಯಾವ ಗದ್ಯ ಕೊಟ್ರೂ ನಮ್ಮೆಲ್ಲಾರ್ದೂ ಹಿಂಗs ಬರ್ತೈತಿ."

ಇಂಗ್ಲಿಷ್ ಸರ್ ವರಾಂಡದ ಕಂಬಕ್ಕೆ ಆತು ನಿಂತಿದ್ದರು. ಅವರತ್ತ ನೋಡಿದೆ. ಅವರು ಕೆಳಗೆ ಅಂಗಳದಲ್ಲಿ ಇಂಗ್ಲಿಷ್ ಮಾಧ್ಯಮದ ಸಣ್ಣ ಮಕ್ಕಳು ಸಾಲು ಕಟ್ಟುವುದನ್ನು ನೋಡುತ್ತಿದ್ದರು.

ಮರಾಠಿ ಮಾಸ್ತರರಿಗೆ ಕನ್ನಡ ಬಾರದು. ಏನೆನ್ನುತ್ತಿದ್ದಾನೆ ಎಂದು ಕೇಳಿದರು. ನಾನೇ ಹಿಂದಿಯಲ್ಲಿ ಹೇಳಿದೆ: ಹೊಸ ಗದ್ಯ ಕೊಡಿ, ನನ್ನನ್ನು ಒಂದು ಕೋಣೆಯಲ್ಲಿ, ಇನ್ನೊಬ್ಬನನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಆಮೇಲೆ ನೋಡಿ. ಆ ಮನುಷ್ಯನಲ್ಲಿ ಕುತೂಹಲವಿತ್ತು, ಅಷ್ಟು ಮಟ್ಟಿಗೆ ನಾನು ಅವರನ್ನು ಮೆಚ್ಚುತ್ತೇನೆ. ಕೆಳಗಿನ ಇಂಗ್ಲಿಷ್ ಮಾಧ್ಯಮದಿಂದ, ನಮ್ಮಲ್ಲಿ ಯಾರೂ ಕಣ್ಣಿಂದ ಕಾಣದ ಒಂದು ಪಠ್ಯಪುಸ್ತಕ ತರಿಸಿದರು. ಜೇನುನೊಣದ ಪಾಠ ತೆರೆದರು.

ಇನ್ನೊಬ್ಬನಾಗಿ ನನ್ನ ಗೆಳೆಯನನ್ನು ಕರೆದರು. ಒಂಬತ್ತನೇ ಇಯತ್ತೆಯಿಂದ ತರಗತಿಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನ ತಂದೆಯದು ಡೊಂಬಿವಲಿ ಸ್ಟೇಶನ್ ಹತ್ತಿರ ಚಿಕ್ಕ ಹೊಟೇಲು. ಇಂಗ್ಲಿಷ್ ಎಂದರೆ ಅವನಿಗೆ ಹೊಟ್ಟೆನೋವು. ಹೋಗುವಾಗ ನನ್ನ ಕಿವಿಯಲ್ಲಿ ಅಂದ: "ನಿನ್ನ ಬಾಯಿಗೆ ಎಂತ ರೋಗ ಮಾರಾಯ? ಸಹಿ ಹಾಕಿ ಮನೆಗೆ ಹೋಗಿ ಉಣ್ಬಹುದಿತ್ತು."

"ಕಲಿಸಿದಂಗ ಬರಿ, ಅಷ್ಟs. ತಲಿ ಓಡಿಸಬ್ಯಾಡ," ಎಂದೆ.

"ಇದ್ರೆ ಅಲ್ವಾ ಓಡಿಸ್ಲಿಕ್ಕೆ," ಎಂದು ನಗುತ್ತ ಹೋದ.

ಅವನು ಪ್ರಯೋಗಶಾಲೆಯಲ್ಲಿ, ನಾನು ಹೆಡ್‌ಮಾಸ್ತರರ ಕೋಣೆಯಲ್ಲಿ. ನಡುವೆ ಇಡೀ ವರಾಂಡ. ಬರೆದು ಮುಗಿಸಿದ ಮೇಲೆ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ನಾನು ನೋಡುವ ಅಗತ್ಯವೇ ಇರಲಿಲ್ಲ. ಈ ಭಾಗದಲ್ಲಿ ಲೇಖಕರು ಹೇಳುವುದೇನೆಂದರೆ. ಮೊದಲ ವಾಕ್ಯ, ಮೊದಲ ವಾಕ್ಯ, ಮೊದಲ ವಾಕ್ಯ. ಹೀಗೆ ಲೇಖಕರು. ದಿ ಇಂಪಾರ್ಟೆನ್ಸ್ ಆಫ್ ಬೀಸ್. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಗೆಳೆಯ ಎರಡು ಕಡೆ ಕಾಟು ಹೊಡೆದಿದ್ದ, ಅಷ್ಟೇ ವ್ಯತ್ಯಾಸ.

ಮರಾಠಿ ಮಾಸ್ತರರು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಕನ್ನಡಕ ತೆಗೆದರು. "ಯೇ ಚೋರಿ ನಹೀಂ ಹೈ ಸಾಹೇಬ್. ಯೇ ತೋ ಮಷೀನ್ ಹೈ." ಕಳ್ಳರಲ್ಲ, ಯಂತ್ರವಂತೆ ನಾವು. ನಮ್ಮ ಇಂಗ್ಲಿಷ್ ಸರ್ ಕಡೆಗೆ ಒಂದು ಸಲ ನೋಡಿದರು. ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ನೀವೇ ನೋಡಿಕೊಳ್ಳಿ, ನನ್ನ ಗಾಡಿಗೆ ಹೊತ್ತಾಯಿತು ಎಂದು ಎದ್ದುಹೋದರು. ಆ ನಗುವನ್ನೂ ನಾನು ಮರೆತಿಲ್ಲ. ಅವರು ನಕ್ಕದ್ದು ನಮ್ಮ ಮೇಲೆ, ನಮ್ಮ ಇಡೀ ಮೇಲಿನ ಮಹಡಿಯ ಮೇಲೆ.

ಗೆದ್ದೆ ಎಂದುಕೊಂಡೆ. ಎಂಥ ಹುಚ್ಚ! ಹೆಡ್‌ಮಾಸ್ತರರು ಬಾಗಿಲು ಹಾಕಿದರು. ಒಳಗೆ ಅವರು, ಇಂಗ್ಲಿಷ್ ಸರ್, ನಾನು. ಗೆಳೆಯನನ್ನು ಹೊರಗೆ ಕಳಿಸಿದ್ದರು.

"ಕೂಡು," ಎಂದರು ನನಗೆ. ಅವರ ಎದುರು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. "ನೋಡು ತಮ್ಮಾ. ನೀ ಶ್ಯಾಣ್ಯಾ ಇದ್ದೀ, ಅದಕ್ಕ ಬಿಡಿಸಿ ಹೇಳ್ತೀನಿ. ಪೋರಗೋಳು ಕಾಪಿ ಮಾಡಿದ್ರು, ಮಾಫಿ ಕೇಳಿದ್ರು ಅಂದ್ರ ಮಾತು ಇಲ್ಲಿಗೆ ಮುಗೀತದ. ಎಲ್ಲಾ ಸಾಲ್ಯಾಗೂ ಪೋರಗೋಳು ಕಾಪಿ ಮಾಡ್ತಾವ. ಆದ್ರ ಕಲಿಸಿದ್ದs ಹಿಂಗ ಅಂತ ಸಂಸ್ಥಾದ ಕಮಿಟಿಗೆ ಗೊತ್ತಾತಂದ್ರ ಏನಾಗ್ತದ ಗೊತ್ತೈತೇನು? ಮ್ಯಾಲಿನ ಮಜಲಾ ಬಂದ್ ಮಾಡ್ಲಿಕ್ಕೆ ಅವರು ನೆವ ಹುಡುಕ್ಲಿಕ್ಕೆ ಹತ್ಯಾರ. ಕನ್ನಡ ಸಾಲಿ ಹೋಗ್ತದ. ಇವರ ನೌಕರಿ ಹೋಗ್ತದ. ನಿನ್ನ ಹಿಂದ ಬರೋ ಪೋರಗೋಳು ಎಲ್ಲಿಗೆ ಹೋಗಬೇಕು?"

"ಹಂಗಾದ್ರ ನಾ ಕಳ್ಳ ಅಂತ ಬರಕೊಡ್ಬೇಕೇನ್ರಿ?"

"ಒಂದು ಸಹಿ. ಯಾರೂ ಓದಂಗಿಲ್ಲ. ಕಪಾಟಿನಾಗ ಬಿದ್ದಿರ್ತದ."

"ಓದಂಗಿಲ್ಲಂದ್ರ ಯಾಕ ಬೇಕ್ರಿ ಸರ್?"

ಅವರ ಮುಖ ಕೆಂಪಾಯಿತು. "ಎದುರು ಮಾತಾಡಬ್ಯಾಡ."

ನಾನು ಇಂಗ್ಲಿಷ್ ಸರ್ ಕಡೆಗೆ ತಿರುಗಿದೆ. "ಸರ್, ನೀವರ ಹೇಳ್ರಿ. ನಾ ನನ್ನ ಮಾತಿನಾಗ ಬರದಾಗ ನೀವು ಸೊನ್ನಿ ಕೊಟ್ರಿ. ನಿಮ್ಮ ಮಾತಿನಾಗ ಬರದ್ರ ಕಳ್ಳ ಆದೆ. ನಾ ಹೆಂಗ ಬರೀಬೇಕಾಗಿತ್ತು, ಅದೊಂದು ಹೇಳ್ರಿ."

ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ಕಿಸೆಯ ಕೆಂಪು ಪೆನ್ನಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು. ಒಂದು ವಾಕ್ಯ ಸಾಕಿತ್ತು. 'ಇವನು ನಕಲು ಮಾಡಿಲ್ಲ' ಎಂದರೆ ಸಾಕಿತ್ತು. ಪದ್ಧತಿಯ ಸುದ್ದಿಯೇ ಬೇಕಿರಲಿಲ್ಲ. ಅಷ್ಟನ್ನೂ ಆಡದ ಮನುಷ್ಯ ನಮಗೆ ವರ್ಷವಿಡೀ ಮಾತನ್ನು ಚಿಕ್ಕದು ಮಾಡುವುದನ್ನು ಕಲಿಸಿದ್ದ.

ನಾನು ಹಾಳೆಯನ್ನು ಖಾಲಿಯಾಗಿಯೇ ಮೇಜಿನ ಮೇಲಿಟ್ಟು ಎದ್ದೆ.

ಹೊರಗೆ ಎಲ್ಲರೂ ಸಹಿ ಮಾಡುತ್ತಿದ್ದರು. ಬೆನ್ನಿಗೆ ಹಾಳೆ ಇಟ್ಟುಕೊಂಡು, ಒಬ್ಬನ ಬೆನ್ನ ಮೇಲೆ ಇನ್ನೊಬ್ಬ. ನಕಲು ಮಾಡಿರುತ್ತೇನೆ ಎಂಬ ಒಕ್ಕಣೆಯನ್ನು ಮುಂದಿನವನ ಹಾಳೆ ನೋಡಿ ನಕಲು ಮಾಡುತ್ತಿದ್ದರು. ನಗುತ್ತ ಮಾಡುತ್ತಿದ್ದರು! ಅವರಿಗೆ ಅದು ಮತ್ತೊಂದು ಪದ್ಧತಿ. ಗೆಳೆಯನೂ ಮಾಡಿದ್ದ. "ನಾವು ಕಳ್ಳರಲ್ಲ ಅಂತ ಈಗಷ್ಟs ತೋರಿಸಿ ಬಂದ್ವಿ, ನಾಚಿಕಿ ಬರಂಗಿಲ್ಲೇನು ನಿನಗ?" ಎಂದೆ.

"ನಾಚಿಕೆ ಎಂತಕ್ಕೆ? ಪಾಸ್ ಆದ್ಮೇಲೆ ಯಾರು ಕೇಳ್ತಾರೆ? ನಿಂಗೆ ಅಹಂಕಾರ ಮಾರಾಯ, ಬೇರೆ ಎಂತ ಇಲ್ಲ."

ಇದ್ದರೆ ಇರಲಿ. ಯಾರಪ್ಪನ ಗಂಟು?

ಮರುದಿನ ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿದರು. ಅಪ್ಪ ಪಾಳಿ ಬದಲಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಬಂದಾಗ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವ್ವ ತಾಟಿಗೆ ಬಡಿಸುತ್ತಿದ್ದಳು.

"ಸಹಿ ಮಾಡಿಬಿಡಪಾ," ಎಂದ.

"ನಾ ಮಾಡಿಲ್ಲಪ್ಪಾ ನಕಲು."

"ಗೊತ್ತೈತಿ. ಅವರಿಗೂ ಗೊತ್ತೈತಿ. ಬಾಯಿ ಬಿಟ್ಟು ಅಂದ್ರು ನನ್ನ ಮುಂದ, ನಿಮ್ಮ ಮಗಾ ಹಂಗ ಮಾಡಾಂವ ಅಲ್ಲ ಅಂತ."

"ಮತ್ತ?"

"ನಾ ದಿನಾ ಫ್ಯಾಕ್ಟರ್‍ಯಾಗ ಸಹಿ ಮಾಡ್ತೀನಿ. ಬಾಯ್ಲರ್ ಬರೋಬ್ಬರಿ ಐತಿ ಅಂತ ಮಾಡ್ತೀನಿ. ಯಾವತ್ತರ ಬರೋಬ್ಬರಿ ಇರ್ತೈತೇನು? ಸಾಹೇಬ ಅಂದ, ಮಾಡಿದೆ. ಹೊಟ್ಟಿ ನಡೀತೈತಿ. ನಿನ್ನ ಹೆಸರೇನು ಸವೀತೈತೇನು?"

"ನಿಂದು ಸವದೈತಿ," ಎಂದುಬಿಟ್ಟೆ.

ಅವ್ವನ ಕೈಯ ಸೌಟು ನಿಂತಿತು. ಅಪ್ಪ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ತಾಟಿನ ಮುಂದೆ ಕೂತು ರೊಟ್ಟಿ ಮುರಿದ. ಒಂದು ತುತ್ತು ತಿಂದು, "ಆತು. ನಾಳಿಂದ ನನ್ನ ಕೂಡ ಅಂಬರನಾಥಕ್ಕ ಬಾ," ಎಂದ. ಆ ಮೇಲೆ ಶಾಲೆಯ ಮಾತನ್ನು ಅವನು ಒಂದು ಸಲವೂ ಎತ್ತಲಿಲ್ಲ. ನಾನು ಆಡಿದ ಮಾತು ಕಟುವಾಗಿತ್ತು. ನಿಜವೂ ಆಗಿತ್ತು.

ಮುಂದಿನ ವರ್ಷ ಹೊರಗಿನಿಂದ ಪರೀಕ್ಷೆಗೆ ಕಟ್ಟಬಹುದಿತ್ತಲ್ಲ ಎಂದು ಜಾಣರು ಕೇಳುತ್ತಾರೆ. ಕಟ್ಟಲು ಶಾಲೆ ಬಿಟ್ಟ ದಾಖಲೆ ಬೇಕು. ತರಲು ಹೋದೆ. ವರ್ತನೆ ಎಂಬ ಜಾಗದಲ್ಲಿ 'ಸಮಾಧಾನಕರವಲ್ಲ' ಎಂದು ಬರೆದಿದ್ದರು. ಹೆಡ್‌ಮಾಸ್ತರರ ದುಂಡನೆಯ ಚೆಂದ ಅಕ್ಷರ. ಆ ಕಾಗದ ಹಿಡಿದು ನಾನು ಯಾರ ಮೇಜಿನ ಮುಂದೆಯೂ ನಿಲ್ಲಲಿಲ್ಲ. ನಿಲ್ಲುವುದೂ ಇಲ್ಲ.

ಅಂಬರನಾಥದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕೆಲಸ ಹಿಡಿದೆ. ಕಬ್ಬಿಣ ಕತ್ತರಿಸುವುದು, ಬೆಸೆಯುವುದು. ಮಾರ್ಚ್‌ನಲ್ಲಿ ಒಂದು ದಿನ ಬೆಳಿಗ್ಗೆ ಕಲ್ಯಾಣ ಸ್ಟೇಶನ್ನಿನಲ್ಲಿ ನನ್ನ ಗಾಡಿಗೆ ಕಾಯುತ್ತಿದ್ದಾಗ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಪರೀಕ್ಷೆಗೆ ಹೊರಟ ಮಕ್ಕಳು. ಹಣೆಗೆ ಕುಂಕುಮ, ಕೈಯಲ್ಲಿ ರಟ್ಟು, ಅಂಗಿಗೆ ಸಿಕ್ಕಿಸಿದ ಪೆನ್ನು. ನನ್ನ ಗಾಡಿ ಬಂದು ನಡುವೆ ನಿಂತಾಗ ಸಮಾಧಾನವಾಯಿತು. ಬೆಸುಗೆಯ ಕಿಡಿ ಬಿದ್ದು ಕೈ ಸುಟ್ಟಿತ್ತು. ಅದು ನೋಯುತ್ತದೆ ಎಂದು ಆ ದಿನ ಗೊತ್ತೇ ಆಗಲಿಲ್ಲ.

ಜೂನ್‌ನಲ್ಲಿ ಗೆಳೆಯ ಪೇಢೆ ಹಿಡಿದು ಚಾಳಿಗೆ ಬಂದ. ಬೋರ್ಡಿನಲ್ಲಿ ಸೀದಾ ಸಾದಾ ಗದ್ಯ ಬಂದಿತ್ತಂತೆ. ಮರಗಳ ಮಹತ್ವ. ಪದ್ಧತಿ ಸಲೀಸಾಗಿ ನಡೆಯಿತು. ಸಹಿ ಮಾಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸು. "ನೀನಿದ್ದಿದ್ರೆ ಮೊದಲ್ನೇ ನಂಬರ್ ಬರ್ತಿದ್ದಿ ಮಾರಾಯ," ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಪೇಢೆ ತಿಂದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಅಪ್ಪನ ಹೊಟೇಲಿನ ಗಲ್ಲೆಯ ಮೇಲೆ ಕೂತು, ಬೇರೆ ಬೇರೆ ಕಡೆ ಇನ್ನೂ ಹೊಟೇಲು ತೆರೆದ. ಹತ್ತನೇ ಇಯತ್ತೆಯ ಆ ಎಸ್ಸೆಸ್ಸಿ ಅವನಿಗೆ ಯಾವ ಕೆಲಸಕ್ಕೆ ಬಂತೋ ಅವನಿಗೇ ಗೊತ್ತಿಲ್ಲ.

ನಾನು ದುಡಿದೆ. ಇದನ್ನು ದೊಡ್ಡದು ಮಾಡಿ ಹೇಳುವುದಿಲ್ಲ. ದುಡಿದೆ ಎಂದರೆ ದುಡಿದೆ. ಎಂಬತ್ತರ ನಂತರ ಸಮುದ್ರದ ಖಾಡಿಯ ಆಚೆ ನವಿ ಮುಂಬಯಿ ಏಳತೊಡಗಿತು. ಸೆಕ್ಟರುಗಳು, ಒಂದೇ ಥರದ ಕಟ್ಟಡಗಳು, ಕಿಟಕಿಗೆ ಬೋಳು ಚೌಕಟ್ಟು. ಪ್ರತಿ ಕಿಟಕಿಗೂ ಗ್ರಿಲ್ ಬೇಕು. ಶೆಡ್ಡು ಬಿಟ್ಟು ನೆರೂಳಕ್ಕೆ ಹೋದೆ. ಗಾಳೆ ಎಂದರೆ ಅಂಗಡಿಯ ಕೋಣೆ, ಅಂಥದೊಂದನ್ನು ಬಾಡಿಗೆಗೆ ಹಿಡಿದು ಸ್ವಂತ ಬೋರ್ಡು ಹಾಕಿದೆ. ಅಳತೆ ನಾನೇ ತೆಗೆಯುತ್ತಿದ್ದೆ, ಕಟ್ಟಡಗಳ ಸೊಸೈಟಿಯವರ ಇಂಗ್ಲಿಷ್ ಪತ್ರಗಳಿಗೆ ಉತ್ತರ ನಾನೇ ಬರೆಯುತ್ತಿದ್ದೆ. ಚಿಕ್ಕದಾಗಿ, ಸ್ಪಷ್ಟವಾಗಿ, ನನ್ನ ಮಾತಿನಲ್ಲಿ.

ಎಂಬತ್ತಾರರ ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಇಂಗ್ಲಿಷ್ ಸರ್ ಅಂಗಡಿಗೆ ಬಂದರು. ಕೂದಲು ಹಣ್ಣಾಗಿತ್ತು. ನೆರೂಳದಲ್ಲಿ ಮನೆ ಸಿಕ್ಕಿತ್ತಂತೆ, ಕಿಟಕಿಗೆ ಗ್ರಿಲ್ ಬೇಕು. ಕನ್ನಡದವನ ಅಂಗಡಿ ಎಂದು ಯಾರೋ ಹೇಳಿ ಕಳಿಸಿದ್ದರು. ನನ್ನ ಗುರುತು ಅವರಿಗೆ ಕೂಡಲೇ ಹತ್ತಿತು. ನಾನೂ ಗುರುತು ಮುಚ್ಚಿಡಲಿಲ್ಲ.

"ಓಹೋ! ನೀನಾ? ಭಾರೀ ಖುಷಿ ಆಯ್ತು ಮಾರಾಯ. ನಿನ್ನ ಬ್ಯಾಚಿನವರೆಲ್ಲ ಒಳ್ಳೆ ಒಳ್ಳೆ ಕಡೆ ಇದ್ದಾರೆ ಗೊತ್ತುಂಟಾ? ಬ್ಯಾಂಕಿನಲ್ಲಿ, ರೈಲ್ವೇಯಲ್ಲಿ..."

"ಹೌದ್ರಿ ಸರ್. ಸಹಿ ಮಾಡಿದವರೆಲ್ಲಾ ಪಾಸ್ ಆದ್ರು."

ಅವರ ಮುಖದ ಖುಷಿ ಇಳಿಯಿತು. ಸ್ಟೂಲಿನ ಮೇಲೆ ಕೂತರು. ಚಹಾ ತರಿಸಿದೆ, ಅಂಗಡಿಗೆ ಬಂದವರಿಗೆ ತರಿಸುತ್ತೇನೆ.

"ಅದು ಇನ್ನೂ ನೆನಪಿಟ್ಕೊಂಡಿದ್ದೀಯಾ?" ಎಂದರು.

"ನೀವು ಮರ್ತೀರೇನ್ರಿ?"

ಹೊರಗೆ ನನ್ನ ಹುಡುಗರು ಸರಳು ಕತ್ತರಿಸುತ್ತಿದ್ದರು. ಸದ್ದು ನಿಂತ ಮೇಲೆ ಸರ್ ಅಂದರು: "ನೀನು ಒಂದು ಸಹಿ ಹಾಕಿದ್ದರೆ ಎಂತ ಹೋಗ್ತಿತ್ತು ನಿಂದು?"

ಇಷ್ಟು ವರ್ಷ ನಾನು ಕಾದದ್ದು ಈ ಪ್ರಶ್ನೆಗಾಗಿಯೋ ಎನ್ನುವಂತೆ ಮೈಯೆಲ್ಲ ಉರಿಯಿತು. "ನೀವು ಒಂದು ಮಾತು ಆಡಿದ್ರ ನಿಮ್ದು ಏನು ಹೋಗ್ತಿತ್ರಿ?"

"ನೌಕರಿ," ಎಂದರು. ತಡಮಾಡದೆ, ಕಣ್ಣಿನಲ್ಲಿ ಕಣ್ಣಿಟ್ಟು ಅಂದರು. "ಮದುವೆಯ ವಯಸ್ಸಿನ ಇಬ್ಬರು ತಂಗಿಯರಿದ್ರು ಮನೆಯಲ್ಲಿ. ಮುಂದಿನ ಜೂನ್‌ನಲ್ಲಿ ಖಾಯಂ ಆಯ್ತು ನಂದು. ನೀನು ಗಟ್ಟಿಗ, ಹೇಗಾದ್ರೂ ಬದುಕ್ತಿ ಅಂತ ಅನ್ನಿಸ್ತು ನಂಗೆ."

ನಾನು ಗಟ್ಟಿಗ ಎಂಬ ಕಾರಣಕ್ಕೆ ನನ್ನನ್ನು ಬಿಟ್ಟುಕೊಟ್ಟರು. ದುರ್ಬಲನಾಗಿದ್ದರೆ ಕಾಪಾಡುತ್ತಿದ್ದರೇ? ಅದೂ ಇಲ್ಲ. ಅವರ ಉತ್ತರದಲ್ಲಿ ಸುಳ್ಳಿರಲಿಲ್ಲ, ಅದನ್ನು ಒಪ್ಪುತ್ತೇನೆ. ಸುಳ್ಳಿಲ್ಲದ ಮಾತ್ರಕ್ಕೆ ಸಿಟ್ಟು ಹೋಗಬೇಕೆಂದು ಎಲ್ಲಿ ಬರೆದಿದೆ? ತಪ್ಪಾಯಿತು ಎನ್ನಲಿಲ್ಲ ಅವರು. ನಾನು ಕೇಳಲೂ ಇಲ್ಲ. ಕೇಳಿ ಪಡೆದ ಕ್ಷಮಾಪಣೆ ಎಂಥದೆಂದು ನನಗೆ ಆ ವರಾಂಡದಲ್ಲೇ ಗೊತ್ತಾಗಿತ್ತು.

ಅವರ ಮನೆಗೆ ಹೋಗಿ ಅಳತೆ ತೆಗೆದೆ. ಬೇರೆಯವರಿಗೆ ಹೇಗೋ ಹಾಗೆಯೇ ಮಾಡಿಕೊಟ್ಟೆ. ಬೆಸುಗೆ ಕೆಡಿಸಲಿಲ್ಲ, ದರದಲ್ಲಿ ಬಿಡಲೂ ಇಲ್ಲ. ಗ್ರಿಲ್ ಕೂರಿಸಿದ ದಿನ ಅವರ ಹೆಂಡತಿ, "ಇವರ ಹಳೇ ಶಿಷ್ಯ ಅಂತೆ, ಊಟ ಮಾಡ್ಕೊಂಡೇ ಹೋಗ್ಬೇಕು," ಎಂದು ಒತ್ತಾಯ ಮಾಡಿದರು. ಪಾಪ, ಅವರಿಗೇನು ಗೊತ್ತು? ಕೆಲಸವಿದೆ ಎಂದು ಹೇಳಿ ಮೆಟ್ಟಿಲಿಳಿದೆ. ಸರ್ ಬಾಗಿಲವರೆಗೆ ಬಂದರು. ನಾನು ಹಿಂತಿರುಗಿ ನೋಡಲಿಲ್ಲ.

ಆ ಶಾಲೆಯ ಮೇಲಿನ ಮಹಡಿ ಅದಾದ ಒಂದೆರಡು ವರ್ಷದ ನಂತರ ಹೇಗೂ ಮುಚ್ಚಿತು. ಮಕ್ಕಳು ಬರುವುದು ನಿಂತಿತು. ನನ್ನ ಸಹಿ ಇದ್ದರೂ ಮುಚ್ಚುತ್ತಿತ್ತು, ಇಲ್ಲದಿದ್ದರೂ ಮುಚ್ಚುತ್ತಿತ್ತು. ಇದನ್ನು ಕೇಳಿದ ದಿನ ನನಗೆ ಬಂದ ಸಿಟ್ಟು ಹಾಲ್ ಟಿಕೆಟ್ ಸಿಗದ ದಿನವೂ ಬಂದಿರಲಿಲ್ಲ. ಮಕ್ಕಳ ಹೆಸರಿಗೆ ಮಸಿ ಬಳಿದು ಉಳಿಸುತ್ತೇವೆ ಎಂದದ್ದು ಅದೊಂದನ್ನೇ ತಾನೆ? ಅದನ್ನಾದರೂ ಉಳಿಸಬೇಕಿತ್ತು!

ಸಹಿ ಮಾಡಿದ್ದರೆ ಈಗ ನೀನು ಆಫೀಸರ್ ಆಗಿರುತ್ತಿದ್ದೆ ಎನ್ನುವವರು ಇನ್ನೂ ಇದ್ದಾರೆ. ಆಗಿರುತ್ತಿದ್ದೆನೋ ಏನೋ. ಅವರಿಗೆ ವಾದ ಹೇಳುವುದಿಲ್ಲ, ಇರುವುದನ್ನು ಹೇಳುತ್ತೇನೆ. ನೆರೂಳದಲ್ಲಿ ಸ್ವಂತದ ಒಂದು ಗಾಳೆ. ಎರಡು ವೆಲ್ಡಿಂಗ್ ಮಷೀನು, ಒಂದು ಕಟಿಂಗ್ ಮಷೀನು. ಐದು ಜನ ಕೆಲಸದವರು. ಎರಡು ಕೋಣೆಯ ಮನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಒಂದು ಕಪಾಟು ಇಂಗ್ಲಿಷ್ ಪುಸ್ತಕ, ಎರಡು ಕಪಾಟು ಕನ್ನಡ ಪುಸ್ತಕ. ಒಂಬತ್ತನೇ ಇಯತ್ತೆ ಪಾಸಾದ ಅಂಕಪಟ್ಟಿ ಒಂದು.